ಮಿಷನರಿಗಳು ಹೊರಟುಹೋದ ಮೇಲೆ ಬೆಳೆದ ಚರ್ಚು

ಚೀನಾದ ಸರ್ಕಾರಿ ಲೆಕ್ಕದಲ್ಲಿ ಧರ್ಮಗಳು ಐದು. ಬೌದ್ಧ, ದಾವ್, ಇಸ್ಲಾಂ ಅಂತ ಮೂರು ಎಣಿಸಿದ ಮೇಲೆ ನಾಲ್ಕನೆಯದು ಕ್ಯಾಥೊಲಿಕ್, ಐದನೆಯದು ಪ್ರಾಟೆಸ್ಟೆಂಟ್. ನಾವು ಒಂದೇ ಧರ್ಮದ ಎರಡು ಪಂಗಡ ಅಂದುಕೊಂಡಿರುವುದು ಅಲ್ಲಿ ಎರಡು ಬೇರೆ ಧರ್ಮ. ಹೆಸರೂ ಬೇರೆ. ಒಂದು ತ್ಯೆನ್‌ಜುಜ್ಯಾವ್, ಅಂದರೆ ಆಕಾಶದ ಒಡೆಯನ ಬೋಧೆ. ಇನ್ನೊಂದು ಜೀದುಜ್ಯಾವ್, ಕ್ರಿಸ್ತನ ಬೋಧೆ. ದೇವರನ್ನು ಕರೆಯುವ ಪದ ಕೂಡ ಇಬ್ಬರಿಗೂ ಒಂದೇ ಅಲ್ಲ. ಇದು ನಮಗೆ ತೀರಾ ಹೊಸದೇನಲ್ಲ ಬಿಡಿ. ಕನ್ನಡದ ಕ್ಯಾಥೊಲಿಕರ ಬೈಬಲಿನಲ್ಲಿ 'ಸರ್ವೇಶ್ವರ' ಇದ್ದ ಕಡೆ ಪ್ರಾಟೆಸ್ಟೆಂಟರ ಬೈಬಲಿನಲ್ಲಿ 'ಯೆಹೋವ' ಇರುತ್ತದೆ. ಆದರೆ ಚೀನಾದಲ್ಲಿ ಇಂಥ ಪದಗಳ ಹಿಂದೆ ದೊಡ್ಡ ದೊಡ್ಡ ಜಗಳಗಳೇ ನಡೆದಿವೆ. ಆ ಕಡೆ ಆಮೇಲೆ ಬರೋಣ.

ಮೊದಲು ಒಂದು ಒಗಟು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ಚೀನಾದಲ್ಲಿ ಕ್ಯಾಥೊಲಿಕರು ಸುಮಾರು 30 ಲಕ್ಷ ಇದ್ದರು. ಪ್ರಾಟೆಸ್ಟೆಂಟರು ಹೆಚ್ಚೆಂದರೆ 10 ಲಕ್ಷ. ಪ್ರಾಟೆಸ್ಟೆಂಟ್ ಮಿಷನರಿಗಳು ಬಂದು ಆಗಲೇ ನೂರಾ ನಲವತ್ತು ವರ್ಷ ಆಗಿತ್ತು. ಆಸ್ಪತ್ರೆ ಕಟ್ಟಿದ್ದರು, ಶಾಲೆ ಕಾಲೇಜು ನಡೆಸಿದ್ದರು, ಊರೂರು ಅಲೆದಿದ್ದರು. ಇಷ್ಟೆಲ್ಲ ಆದ ಮೇಲೂ ಐವತ್ತು ಕೋಟಿ ಜನರ ದೇಶದಲ್ಲಿ ಫಲ ಇಷ್ಟೇ. ಮುಂದಿನ ಕೆಲವೇ ವರ್ಷಗಳಲ್ಲಿ ವಿದೇಶಿ ಮಿಷನರಿಗಳೆಲ್ಲ ಗಂಟುಮೂಟೆ ಕಟ್ಟಬೇಕಾಯಿತು. ಆಮೇಲೆ ಚರ್ಚುಗಳಿಗೆ ಬೀಗ ಬಿತ್ತು. 2018ರಲ್ಲಿ ಚೀನಾ ಸರ್ಕಾರವೇ ಹೊರಡಿಸಿದ ಶ್ವೇತಪತ್ರ ನೋಡಿ: ಪ್ರಾಟೆಸ್ಟೆಂಟರು 3.8 ಕೋಟಿ, ಕ್ಯಾಥೊಲಿಕರು 60 ಲಕ್ಷ. ನಮ್ಮ 2011ರ ಜನಗಣತಿಯಲ್ಲಿ ಇಡೀ ಭಾರತದ ಕ್ರೈಸ್ತರೆಲ್ಲ ಸೇರಿ 2.78 ಕೋಟಿ.

ಅಂದರೆ ಕಲಿಸುವವರು ಇದ್ದಾಗ ಬೆಳೆಯದ್ದು, ಅವರು ಹೋದ ಮೇಲೆ ಬೆಳೆಯಿತು. ಇದು ಹೇಗಾಯಿತು?

ಕಲ್ಲಿನಲ್ಲಿ ಉಳಿದದ್ದು

ಶಿಯಾನ್ ನಗರದಲ್ಲಿ ಬೇಲಿನ್ ಅಂತ ಒಂದು ಮ್ಯೂಸಿಯಂ ಇದೆ. 'ಶಾಸನಗಳ ಕಾಡು' ಅಂತ ಅದರ ಅರ್ಥ. ಅಲ್ಲಿ ಒಂದು ಕಪ್ಪು ಕಲ್ಲು ನಿಂತಿದೆ, ಸುಮಾರು ಒಂಬತ್ತು ಅಡಿ ಎತ್ತರ. ಕೆಳಗೆ ಆಮೆಯ ಪೀಠ. ಮೇಲ್ತುದಿಯಲ್ಲಿ ಒಂದು ಪುಟ್ಟ ಶಿಲುಬೆ, ಅದರ ಬುಡದಲ್ಲಿ ಕಮಲ ಮತ್ತು ಮೋಡ. ಮೈತುಂಬ ಚೀನೀ ಅಕ್ಷರ. ಅಂಚಿನಲ್ಲಿ ಮಾತ್ರ ಬೇರೆ ಲಿಪಿ: ಸಿರಿಯಾಕ್. ಕೇರಳದ ಸಿರಿಯನ್ ಕ್ರೈಸ್ತರು ಪೂಜೆಯಲ್ಲಿ ಬಳಸುತ್ತಿದ್ದ ಅದೇ ಭಾಷೆ. ಪರ್ಷಿಯಾ ಕಡೆಯ ಒಂದೇ ಸಭೆಯ ಎರಡು ಕವಲು ಅವು. ಒಂದು ಮಲಬಾರಿಗೆ ಬಂತು, ಇನ್ನೊಂದು ರೇಷ್ಮೆ ದಾರಿ ಹಿಡಿದು ಚೀನಾಕ್ಕೆ ಹೋಯಿತು.

781ರಲ್ಲಿ ನಿಲ್ಲಿಸಿದ ಈ ಶಾಸನದ ಪ್ರಕಾರ, ಅಲೋಪೆನ್ ಎಂಬ ಸನ್ಯಾಸಿ 635ರಲ್ಲಿ ತಾಂಗ್ ರಾಜವಂಶದ ರಾಜಧಾನಿ ಚಾಂಗಾನ್‌ಗೆ, ಅಂದರೆ ಈಗಿನ ಶಿಯಾನ್‌ಗೆ, ಬಂದ. ಚಕ್ರವರ್ತಿ ತೈಜೊಂಗ್ ಅವನನ್ನು ಬರಮಾಡಿಕೊಂಡು ಪುಸ್ತಕಗಳನ್ನು ಚೀನೀ ಭಾಷೆಗೆ ಮಾಡಿಸಿದ. ಧರ್ಮಕ್ಕೆ 'ಬೆಳಕಿನ ಬೋಧೆ' ಅಂತ ಹೆಸರಾಯಿತು. ಶಾಸನ ಬರೆದ ಜಿಂಗ್‌ಜಿಂಗ್ ಎಂಬ ಪಾದ್ರಿಯ ಇನ್ನೊಂದು ಕಥೆ ನನಗೆ ಬಲು ಇಷ್ಟ. ನಾಳಂದದಲ್ಲಿ ಓದಿ ಬಂದಿದ್ದ ಪ್ರಜ್ಞ ಎಂಬ ಬೌದ್ಧ ಭಿಕ್ಷುವಿಗೆ ಒಂದು ಸೂತ್ರವನ್ನು ಅನುವಾದಿಸಲು ಈತ ಕೈಜೋಡಿಸಿದ್ದ. ಭಿಕ್ಷುವಿಗೆ ಚೀನೀ ಬಾರದು, ಪಾದ್ರಿಗೆ ಬೌದ್ಧ ಧರ್ಮ ಗೊತ್ತಿಲ್ಲ. ಕೊನೆಗೆ ಆಸ್ಥಾನವೇ ಗದರಿತು: ನಿಮ್ಮದು ನಿಮಗೆ, ಅವರದು ಅವರಿಗೆ, ಎರಡನ್ನೂ ಕಲಸಬೇಡಿ.

845ರಲ್ಲಿ ಇನ್ನೊಬ್ಬ ಚಕ್ರವರ್ತಿ ಬೌದ್ಧ ವಿಹಾರಗಳನ್ನು ಮುಚ್ಚಿಸಿದಾಗ ಇವರಿಗೂ ಏಟು ಬಿತ್ತು. ಸಭೆ ಕರಗಿಹೋಯಿತು. ಕಲ್ಲು ಮಣ್ಣಿನಡಿ ಸೇರಿತು. ಅದು ಮತ್ತೆ ಸಿಕ್ಕಿದ್ದು 1620ರ ದಶಕದಲ್ಲಿ. ನಡುವೆ ಮಂಗೋಲರ ಕಾಲದಲ್ಲಿ ಇಟಲಿಯ ಜಾನ್ ಎಂಬ ಕ್ಯಾಥೊಲಿಕ್ (ಫ್ರಾನ್ಸಿಸ್ಕನ್ ಸಂಘದ) ಪಾದ್ರಿ ಮೈಲಾಪುರದ ಕಡೆ ವರ್ಷದ ಮೇಲೆ ಇದ್ದು, 1294ರಲ್ಲಿ ಈಗಿನ ಬೀಜಿಂಗ್ ಮುಟ್ಟಿದ್ದರು. ಮಂಗೋಲರು 1368ರಲ್ಲಿ ಹೋದರು, ಅವರ ಹಿಂದೆಯೇ ಆ ಚರ್ಚೂ ಹೋಯಿತು. ಎರಡು ಸಲವೂ ಆದದ್ದು ಒಂದೇ. ಆಳುವವರ ಕೃಪೆ ಇದ್ದಷ್ಟು ದಿನ ಮರ ಹಸಿರಾಗಿತ್ತು, ಊರಿನ ಮಣ್ಣಿಗೆ ಬೇರು ಇಳಿದಿರಲಿಲ್ಲ.

ತಾತನ ಫೋಟೊಗೆ ಊದಿನಕಡ್ಡಿ

ಇದನ್ನು ಅರ್ಥ ಮಾಡಿಕೊಂಡ ಮೊದಲ ಮನುಷ್ಯ ಬಹುಶಃ ಮತ್ತೆಯೊ ರಿಚ್ಚಿ. ಇಟಲಿಯವರು, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿ ಸಂಘದವರು. 1578ರಲ್ಲಿ ಗೋವಾಕ್ಕೆ ಬಂದು, ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, ಮಕಾವ್ ಮೂಲಕ 1583ರಲ್ಲಿ ಚೀನಾದೊಳಗೆ ಕಾಲಿಟ್ಟರು. ಮೊದಲು ತಲೆ ಬೋಳಿಸಿ ಬೌದ್ಧ ಭಿಕ್ಷುವಿನ ಬಟ್ಟೆ ಹಾಕಿಕೊಂಡರು. ಧರ್ಮದ ಮನುಷ್ಯ ಅಂದರೆ ಹೀಗಿರಬೇಕು ಅಂತ ಅವರ ಲೆಕ್ಕ. ಕೆಲವು ವರ್ಷ ಕಳೆದ ಮೇಲೆ ಗೊತ್ತಾಯಿತು, ಅಧಿಕಾರಿಗಳ ಮನೆಯಲ್ಲಿ ಭಿಕ್ಷುಗಳಿಗೆ ಅಂಥ ಮರ್ಯಾದೆಯೇನೂ ಇಲ್ಲ. ಮರ್ಯಾದೆ ಇರುವುದು ಓದಿದವರಿಗೆ. 1595ರಲ್ಲಿ ವೇಷ ಬದಲಾಯಿತು. ಗಡ್ಡ ಬಿಟ್ಟರು, ರೇಷ್ಮೆ ನಿಲುವಂಗಿ ತೊಟ್ಟರು, ಪಂಡಿತರ ಟೋಪಿ ಹಾಕಿದರು. ಕನ್ಫ್ಯೂಶಿಯಸ್‌ನ ಗ್ರಂಥಗಳನ್ನು ಓದಿ ಅವರ ಜೊತೆ ಅವರ ಭಾಷೆಯಲ್ಲೇ ಚರ್ಚೆಗೆ ಕೂತರು.

ಜಗತ್ತಿನ ನಕ್ಷೆ ಬರೆದಾಗ ಚೀನಾ ಮೂಲೆಗೆ ಹೋಗದೆ ನಡುವಿಗೆ ಬರುವಂತೆ ನೋಡಿಕೊಂಡರು. ವಾನ್‌ಲಿ ಚಕ್ರವರ್ತಿಗೆ ಗಂಟೆ ಹೊಡೆಯುವ ಗಡಿಯಾರ ಕಾಣಿಕೆ ಕೊಟ್ಟರು. ಅದನ್ನು ನಡೆಸುವುದು ಹೇಗೆ ಅಂತ ಅರಮನೆಯವರಿಗೆ ಕಲಿಸಲು ಪಾದ್ರಿಗಳೇ ಬೇಕಾಯಿತು. ಹಾಗೆ 1601ರಲ್ಲಿ ಬೀಜಿಂಗ್‌ನಲ್ಲಿ ಜಾಗ ಸಿಕ್ಕಿತು. ತಮಾಷೆ ಅಂದರೆ ರಿಚ್ಚಿ ಚಕ್ರವರ್ತಿಯ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಅವರ ಗೆಳೆಯ ಶು ಗ್ವಾಂಗ್‌ಚಿ 1603ರಲ್ಲಿ ದೀಕ್ಷಾಸ್ನಾನ ಪಡೆದರು. ಇಬ್ಬರೂ ಸೇರಿ ಯೂಕ್ಲಿಡ್‌ನ ರೇಖಾಗಣಿತದ ಮೊದಲ ಆರು ಭಾಗ ಅನುವಾದಿಸಿದರು. ಇಂದು ಶಾಂಘೈನ ಗಿಜಿಗುಡುವ ಶುಜ್ಯಾಹ್ವೇ ಬಡಾವಣೆಗೆ ಆ ಹೆಸರು ಬಂದದ್ದು ಇದೇ ಶು ಮನೆತನದಿಂದ.

ಈಗ ತಕರಾರಿನ ವಿಷಯ. ಚೀನಾದ ಮನೆಗಳಲ್ಲಿ ಹಿರಿಯರ ಹೆಸರು ಬರೆದ ಮರದ ಫಲಕ ಇರುತ್ತಿತ್ತು. ಅದರ ಮುಂದೆ ಊದಿನಕಡ್ಡಿ ಹಚ್ಚಿ, ಊಟ ಇಟ್ಟು, ತಲೆಬಾಗುತ್ತಿದ್ದರು. ಕ್ರೈಸ್ತನಾದವನು ಇದನ್ನು ಮಾಡಬಹುದಾ? ನಮ್ಮ ಮನೆಗಳನ್ನೇ ನೆನೆಸಿಕೊಳ್ಳಿ. ತಾತನ ಫೋಟೊಗೆ ಹಾರ ಹಾಕಿ ಊದಿನಕಡ್ಡಿ ಹಚ್ಚುತ್ತೀವಿ, ಪಿತೃಪಕ್ಷದಲ್ಲಿ ಎಡೆ ಇಡುತ್ತೀವಿ. ಅದು ಪೂಜೆಯೋ, ಮರ್ಯಾದೆಯೋ? ಹತ್ತು ಮನೆಯಲ್ಲಿ ಕೇಳಿದರೆ ಹತ್ತು ಉತ್ತರ ಬರುತ್ತದೆ, ಅಲ್ವಾ? ರಿಚ್ಚಿಯ ಉತ್ತರ: ಇದು ಹಿರಿಯರಿಗೆ ತೋರಿಸುವ ಗೌರವ, ತಪ್ಪಿಲ್ಲ. ಆಮೇಲೆ ಬಂದ ಡೊಮಿನಿಕನ್, ಫ್ರಾನ್ಸಿಸ್ಕನ್ ಎಂಬ ಬೇರೆ ಕ್ಯಾಥೊಲಿಕ್ ಸಂಘಗಳ ಪಾದ್ರಿಗಳ ಉತ್ತರ: ಇದು ವಿಗ್ರಹಪೂಜೆ, ಬಿಡಬೇಕು.

ಜಗಳ ರೋಮ್‌ವರೆಗೆ ಹೋಗಿ ನೂರು ವರ್ಷ ಎಳೆಯಿತು. ಕಾಂಗ್‌ಶಿ ಚಕ್ರವರ್ತಿ 1692ರಲ್ಲಿ ಕ್ರೈಸ್ತರ ಪೂಜೆಗೆ ಅನುಮತಿ ಕೊಟ್ಟಿದ್ದ. ಹಿರಿಯರ ಪೂಜೆ ಗೌರವ ಅಷ್ಟೇ ಅಂತ ಅವನೇ ಹೇಳಿದ. ರೋಮ್ ಕೇಳಲಿಲ್ಲ. 1715ರಲ್ಲಿ ಪೋಪ್ ಕಟ್ಟುನಿಟ್ಟಾಗಿ ನಿಷೇಧಿಸಿದರು, 1742ರಲ್ಲಿ ಇನ್ನೊಬ್ಬ ಪೋಪ್ ಅದಕ್ಕೆ ಕೊನೆಯ ಮುದ್ರೆ ಒತ್ತಿದರು. ನಮ್ಮ ಮನೆಯಲ್ಲಿ ಏನು ಮಾಡಬೇಕು ಅಂತ ಹೇಳಲು ಈ ದೂರದ ಮನುಷ್ಯ ಯಾರು ಅಂತ ಕಾಂಗ್‌ಶಿಗೆ ಸಿಟ್ಟು ಬಂತು. ಅವನ ಮಗ 1724ರಲ್ಲಿ ಕ್ರೈಸ್ತ ಧರ್ಮವನ್ನೇ ನಿಷೇಧಿಸಿದ.

ಇದೇ ಗರಗಸ ನಮ್ಮ ಕಡೆಗೂ ಬಂತು. ಮದುರೈಯಲ್ಲಿದ್ದ ಜೆಸ್ವಿಟ್ ಪಾದ್ರಿ ರೊಬೆರ್ಟೊ ದೆ ನೊಬಿಲಿ ಸನ್ಯಾಸಿಯಂತೆ ಬದುಕಿದ್ದರು. 17ನೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಲಿಯೊನಾರ್ಡೊ ಚಿನ್ನಮಿ ಕೂಡ ಅದೇ ದಾರಿ ಹಿಡಿದು ಕನ್ನಡ ಕಲಿತು ಬರೆದರು. ಈ ದಕ್ಷಿಣ ಭಾರತದ ಪದ್ಧತಿಗಳಿಗೆ ರೋಮ್ ತಡೆ ಹಾಕಿದ್ದು 1744ರಲ್ಲಿ, ಚೀನಾದ್ದು ಮುಗಿಸಿದ ಎರಡೇ ವರ್ಷಕ್ಕೆ. ಚೀನಾದ ನಿಷೇಧವನ್ನು ವ್ಯಾಟಿಕನ್ ಸಡಿಲಿಸಿದ್ದು 1939ರಲ್ಲಿ. ಆ ಹೊತ್ತಿಗೆ ಕುದುರೆ ಲಾಯದಿಂದ ಓಡಿಹೋಗಿ ಎರಡು ಶತಮಾನ ಆಗಿತ್ತು.

ಒಂದೇ ಹಡಗಿನಲ್ಲಿ ಬಂದದ್ದು

ಪ್ರಾಟೆಸ್ಟೆಂಟರ ಕಥೆ ಶುರುವಾಗುವುದು 1807ರಲ್ಲಿ, ಗ್ವಾಂಗ್‌ಜೌ ಬಂದರಿನಲ್ಲಿ. ಲಂಡನ್ ಮಿಷನರಿ ಸೊಸೈಟಿಯ ರಾಬರ್ಟ್ ಮಾರಿಸನ್ ಅಲ್ಲಿ ಇಳಿದರು. ಈಸ್ಟ್ ಇಂಡಿಯಾ ಕಂಪನಿ ತನ್ನ ಹಡಗಿನಲ್ಲಿ ಮಿಷನರಿಯನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ವ್ಯಾಪಾರಕ್ಕೆ ಕಲ್ಲು ಬೀಳುತ್ತದೆ ಅಂತ ಭಯ. ಅವರು ಅಮೆರಿಕ ಸುತ್ತಿ, ಅಮೆರಿಕದ ಹಡಗು ಹತ್ತಿ ಬಂದರು. ವಿದೇಶಿಯರಿಗೆ ಚೀನೀ ಭಾಷೆ ಕಲಿಸುವುದೇ ಆಗ ಅಪರಾಧ. ಉಳಿಯಲು ನೆಪ ಬೇಕಿತ್ತು. ಕೊನೆಗೆ ಅದೇ ಕಂಪನಿಯಲ್ಲಿ ಅನುವಾದಕನ ಕೆಲಸಕ್ಕೆ ಸೇರಿದರು. 1834ರಲ್ಲಿ ತೀರಿಕೊಳ್ಳುವವರೆಗೆ ದುಡಿದರೂ ಅವರ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರು ಹನ್ನೆರಡರ ಆಸುಪಾಸು. ಆದರೆ ಇಡೀ ಬೈಬಲ್ ಚೀನೀ ಭಾಷೆಗೆ ಬಂತು, 1823ರಲ್ಲಿ ಅಚ್ಚಾಯಿತು. ಇದಕ್ಕಿಂತ ಸ್ವಲ್ಪ ಮುಂಚೆ ಇನ್ನೊಂದು ಚೀನೀ ಬೈಬಲ್ ಅಚ್ಚಾದದ್ದು ಎಲ್ಲಿ ಗೊತ್ತಾ? ಕೋಲ್ಕತ್ತದ ಪಕ್ಕದ ಶ್ರೀರಾಂಪುರದಲ್ಲಿ. ಮಾರಿಸನ್‌ರನ್ನು ಕಳಿಸಿದ ಲಂಡನ್ ಸೊಸೈಟಿಯೇ 1810ರಲ್ಲಿ ಜಾನ್ ಹ್ಯಾಂಡ್ಸ್ ಅವರನ್ನು ಬಳ್ಳಾರಿಗೆ ಕಳಿಸಿತ್ತು. ಕನ್ನಡ ಬೈಬಲಿನ ಕೆಲಸಕ್ಕೆ ಕೂತವರು ಅವರು.

ಅನುವಾದಕರಿಗೆ ಎದುರಾದ ದೊಡ್ಡ ಪ್ರಶ್ನೆ: ದೇವರಿಗೆ ಏನನ್ನುವುದು? 'ಶಾಂಗ್‌ದಿ' ಅಂದರೆ ಮೇಲಿನ ಒಡೆಯ, ಚೀನಾದ ಹಳೆಯ ಗ್ರಂಥಗಳಲ್ಲೇ ಇರುವ ಪದ. 'ಶೆನ್' ಅಂದರೆ ದೇವತೆ, ಆತ್ಮ, ಯಾವ ದೇವರಾದರೂ ಸರಿ. ಪ್ರಾಟೆಸ್ಟೆಂಟರು ಎರಡು ಬಣವಾದರು. ಇವತ್ತಿಗೂ ಒಂದೇ ಬೈಬಲ್ ಎರಡು ಆವೃತ್ತಿಯಲ್ಲಿ ಬರುತ್ತದೆ. ಶಾಂಗ್‌ದಿ ಬರೆಯಲು ಎರಡು ಅಕ್ಷರ ಬೇಕು, ಶೆನ್‌ಗೆ ಒಂದೇ ಸಾಕು. ಅಚ್ಚಿನ ಸಾಲು ಎರಡರಲ್ಲೂ ಒಂದೇ ಥರ ಕೂರಲಿ ಅಂತ ಶೆನ್ ಆವೃತ್ತಿಯಲ್ಲಿ ಆ ಅಕ್ಷರದ ಮುಂದೆ ಒಂದು ಖಾಲಿ ಜಾಗ ಬಿಡುತ್ತಾರೆ. ಪುಟ ತೆರೆದರೆ ದೇವರ ಹೆಸರಿನ ಮುಂದೆಲ್ಲ ಒಂದೊಂದು ಬಿಳಿ ಚೌಕ. ಕ್ಯಾಥೊಲಿಕರು ಮಾತ್ರ ತಮ್ಮ ಹಳೆಯ 'ತ್ಯೆನ್‌ಜು'ಗೆ ಅಂಟಿಕೊಂಡರು. ಎರಡು ಧರ್ಮ ಅಂತ ಎಣಿಸುವ ಅಭ್ಯಾಸದ ಹಿಂದೆ ಈ ಬೇರೆ ಬೇರೆ ಹೆಸರುಗಳೂ ಇವೆ.

ಆಮೇಲೆ ಅಫೀಮು. ಬಿಹಾರದಲ್ಲಿ, ಮಾಳ್ವದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿ ಬ್ರಿಟಿಷರು ದುಡ್ಡು ಮಾಡುತ್ತಿದ್ದರು. ಕರಾವಳಿಯುದ್ದಕ್ಕೂ ಹೋಗುತ್ತಿದ್ದ ಆ ಹಡಗುಗಳಲ್ಲಿ ದುಭಾಷಿಯಾಗಿ ಹತ್ತಿದ್ದವರಲ್ಲಿ ಕಾರ್ಲ್ ಗುಟ್ಜ್‌ಲಾಫ್ ಎಂಬ ಮಿಷನರಿಯೂ ಒಬ್ಬರು. ಒಂದು ಕಡೆ ಅಫೀಮಿನ ಪೆಟ್ಟಿಗೆ ಇಳಿಯುತ್ತಿತ್ತು, ಇನ್ನೊಂದು ಕಡೆ ಇವರು ಧರ್ಮದ ಚಿಕ್ಕ ಪುಸ್ತಕ ಹಂಚುತ್ತಿದ್ದರು. ಯುದ್ಧ ಆಯಿತು, ಚೀನಾ ಸೋತಿತು. 1842ರ ಒಪ್ಪಂದದಲ್ಲಿ ಐದು ಬಂದರು ತೆರೆದವು, ಹಾಂಗ್‌ಕಾಂಗ್ ಕೈಬಿಟ್ಟಿತು. 1858 ಮತ್ತು 1860ರ ಒಪ್ಪಂದಗಳಲ್ಲಿ ಮಿಷನರಿಗಳು ಒಳನಾಡಿಗೆ ಹೋಗಬಹುದು ಅಂತ ಸೇರಿಸಿದರು. ಚೀನಾದವರ ಕಣ್ಣಿಗೆ ಬೈಬಲ್, ಅಫೀಮು, ಫಿರಂಗಿ ಮೂರೂ ಒಂದೇ ಹಡಗಿನಿಂದ ಇಳಿದವು. 'ಯಾಂಗ್‌ಜ್ಯಾವ್' ಅಂತ ಹೆಸರಿಟ್ಟರು, ಪರದೇಶಿ ಬೋಧೆ. ಮುಂದಿನ ನೂರು ವರ್ಷ ಆ ಹೆಸರು ಬೆನ್ನು ಬಿಡಲಿಲ್ಲ.

ಹಳ್ಳಿ ಮಟ್ಟದಲ್ಲಿ ಇದು ಹೇಗೆ ಕೆಲಸ ಮಾಡುತ್ತಿತ್ತು ಅಂತ ನೋಡಿ. ಜಮೀನಿನ ವ್ಯಾಜ್ಯ ಇದೆ ಅನ್ನಿ. ಒಬ್ಬ ಕ್ರೈಸ್ತನಾದ. ಪಾದ್ರಿ ತನ್ನ ದೇಶದ ರಾಯಭಾರಿಗೆ ಒಂದು ಚೀಟಿ ಬರೆದರೆ ಸಾಕು, ಸ್ಥಳೀಯ ಅಧಿಕಾರಿಯ ಕೈ ನಡುಗುತ್ತಿತ್ತು. ತೀರ್ಪು ಆ ಕಡೆಗೆ ವಾಲುತ್ತಿತ್ತು. ಸೋತವನಿಗೆ ಸಿಟ್ಟು ಬರುವುದು ಪಕ್ಕದ ಮನೆಯವನ ಮೇಲೆ, ಅವನ ಚರ್ಚಿನ ಮೇಲೆ. ಇನ್ನು ಊಟಕ್ಕೆ, ಕೆಲಸಕ್ಕೆ ಸೇರಿದವರಿಗೆ 'ಅನ್ನದ ಕ್ರೈಸ್ತರು' ಅಂತ ಅಡ್ಡಹೆಸರು. ಪಾದ್ರಿಗಳೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳ ಕಾಲು ಕಟ್ಟುವ ಪದ್ಧತಿಯ ವಿರುದ್ಧ 1870ರ ದಶಕದಲ್ಲೇ ಶ್ಯಾಮೆನ್‌ನಲ್ಲಿ ಸಂಘ ಕಟ್ಟಿದವರು ಮಿಷನರಿಗಳು. ಆದರೆ ಬೆನ್ನಿಗೆ ಫಿರಂಗಿ ಇಟ್ಟುಕೊಂಡವನ ಒಳ್ಳೆಯತನವನ್ನು ಜನ ಅನುಮಾನದಿಂದಲೇ ನೋಡುತ್ತಾರೆ.

ಮಂಗಳೂರಿಗೂ ಹಕ್ಕಾ ಹಳ್ಳಿಗಳಿಗೂ

ಬಾಸೆಲ್ ಮಿಷನ್ ಅಂದರೆ ನಮಗೆ ಹೆಂಚು, ಮಗ್ಗ, ಮಂಗಳೂರ ಸಮಾಚಾರ, ಕಿಟ್ಟೆಲ್ ನಿಘಂಟು. 1834ರಲ್ಲಿ ಮಂಗಳೂರಿಗೆ ಬಂದ ಅದೇ ಮಿಷನ್ 1847ರಲ್ಲಿ ಹಾಂಗ್‌ಕಾಂಗ್‌ಗೂ ಇಬ್ಬರನ್ನು ಕಳಿಸಿತು: ರುಡಾಲ್ಫ್ ಲೆಕ್ಲರ್, ಥಿಯೊಡೋರ್ ಹ್ಯಾಂಬರ್ಗ್. ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಕ್ಕಾ ಜನರ ನಡುವೆ ಅವರ ಕೆಲಸ ನೆಲೆಯೂರಿತು. ಹಕ್ಕಾ ಅಂದರೆ ಅತಿಥಿ ಮನೆಗಳವರು, ಎಲ್ಲಿಂದಲೋ ವಲಸೆ ಬಂದು ಗುಡ್ಡದ ಕಳಪೆ ಜಮೀನಿನಲ್ಲಿ ಬದುಕುತ್ತಿದ್ದವರು.

ಈ ಹ್ಯಾಂಬರ್ಗ್ ಹತ್ತಿರ ಒಂದು ದಿನ ಒಬ್ಬ ಹಕ್ಕಾ ಯುವಕ ಬಂದು ತನ್ನ ನೆಂಟನ ವಿಚಿತ್ರ ಕಥೆ ಹೇಳಿದ. ನೆಂಟನ ಹೆಸರು ಹೊಂಗ್ ಶ್ಯೂಚ್ವಾನ್. ಸರ್ಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವನು. ಪರೀಕ್ಷೆ ಬರೆಯಲು ಗ್ವಾಂಗ್‌ಜೌಗೆ ಹೋದಾಗ ಬೀದಿಯಲ್ಲಿ ಯಾರೋ ಒಂದು ಕ್ರೈಸ್ತ ಪುಸ್ತಕ ಕೈಗಿಟ್ಟಿದ್ದರು. ಅದನ್ನು ಬರೆದವರು ಲ್ಯಾಂಗ್ ಫಾ. ಮಿಷನ್ನಿನ ಅಚ್ಚಿಗೆ ಮರದ ಅಚ್ಚು ಕೆತ್ತುತ್ತಿದ್ದ ಕೆಲಸಗಾರ, ಮುಂದೆ ಬೋಧಕನಾದವರು. ಹೊಂಗ್ ಪುಸ್ತಕವನ್ನು ಮನೆಗೆ ತಂದು ಸುಮ್ನೆ ಇಟ್ಟ. 1837ರಲ್ಲಿ ಮತ್ತೆ ಫೇಲಾಗಿ, ಹಾಸಿಗೆ ಹಿಡಿದು, ದಿನಗಟ್ಟಲೆ ಕನಸು ಕಂಡ. ಹೊಂಬಣ್ಣದ ಗಡ್ಡದ ಮುದುಕನೊಬ್ಬ ಕತ್ತಿ ಕೊಟ್ಟು ದೆವ್ವಗಳನ್ನು ಕೊಲ್ಲು ಅಂದ. 1843ರಲ್ಲಿ ಇನ್ನೊಮ್ಮೆ ಫೇಲಾದ ಮೇಲೆ ಆ ಪುಸ್ತಕ ತೆರೆದ. ಎಲ್ಲ ಹೊಂದಿಕೊಂಡಿತು. ಮುದುಕ ದೇವರು, ಕನಸಿನಲ್ಲಿ ಅವನ ಜೊತೆಗಿದ್ದವನು ಯೇಸು, ತಾನು ಯೇಸುವಿನ ತಮ್ಮ!

ಮುಂದಿನದ್ದು ತೈಪಿಂಗ್ ದಂಗೆ. ಹೊಂಗ್ ಮತ್ತು ಅವನ ಹಿಂಬಾಲಕರು 1853ರಲ್ಲಿ ನಾನ್‌ಜಿಂಗ್ ಹಿಡಿದು ರಾಜಧಾನಿ ಮಾಡಿಕೊಂಡರು. ಚಕ್ರವರ್ತಿಯ ಬಿರುದಿನಲ್ಲಿ ಶಾಂಗ್‌ದಿಯ ಅದೇ 'ದಿ' ಇದೆ, ಮನುಷ್ಯನಿಗೆ ದೇವರ ಪದ ಸಲ್ಲದು ಅಂತ ಹೊಂಗ್‌ನ ವಾದ. ಪದದ ಜಗಳ ಕತ್ತಿಯ ಜಗಳವೂ ಆಗಬಹುದು ನೋಡಿ. 1864ರಲ್ಲಿ ಮುಗಿಯುವ ಹೊತ್ತಿಗೆ ಸತ್ತವರು ಎರಡು ಕೋಟಿ ಅಂತ ಅಂದಾಜು. ಮಿಷನರಿಗಳು ಬೆಚ್ಚಿಬಿದ್ದರು. ಅವರು ಹಂಚಿದ ಪುಸ್ತಕವೇ. ಆದರೆ ಒಮ್ಮೆ ಚೀನೀ ಓದುಗನ ಕೈಗೆ ಹೋದ ಮೇಲೆ ಅದು ಅವರ ಹಿಡಿತದಲ್ಲಿ ಇರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಇಪ್ಪತ್ತನೇ ಶತಮಾನದಲ್ಲಿ ಬೇರೆ ರೂಪದಲ್ಲಿ ಮತ್ತೆ ಬರುತ್ತದೆ.

ಹಕ್ಕಾ ಕ್ರೈಸ್ತರು ಆಮೇಲೆ ಎಲ್ಲಿಗೆ ಹೋದರು? 1880ರ ದಶಕದಲ್ಲಿ ಒಂದಷ್ಟು ಕುಟುಂಬಗಳು ಹಡಗು ಹತ್ತಿ ಬೋರ್ನಿಯೊದ ಉತ್ತರ ತುದಿಗೆ, ಈಗಿನ ಸಬಾಕ್ಕೆ, ಕೃಷಿ ಮಾಡಲು ಹೋದವು. ಅವರು ಕಟ್ಟಿದ ಚರ್ಚಿನ ಹೆಸರಿನಲ್ಲಿ ಇವತ್ತಿಗೂ 'ಬಾಸೆಲ್' ಇದೆ. ಮಲೇಷ್ಯಾ, ಸಿಂಗಪುರದ ಚೀನೀ ಚರ್ಚುಗಳಲ್ಲಿ ಎಷ್ಟೋ ಹೀಗೆ ವಲಸೆಗಾರರ ಜೊತೆ ಹೋದವು.

ಒಳನಾಡಿಗೆ ಹೋದವರಲ್ಲಿ ಹಡ್ಸನ್ ಟೇಲರ್ ಹೆಸರು ದೊಡ್ಡದು. 1865ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಷನ್ ಶುರು ಮಾಡಿದರು. ಮುಂದಲೆ ಬೋಳಿಸಿ, ಹಿಂದೆ ಜಡೆ ಬಿಟ್ಟು, ಚೀನೀ ಬಟ್ಟೆ ಹಾಕಿದ ಇಂಗ್ಲಿಷ್ ಮನುಷ್ಯ. ಶಾಂಘೈನ ಬಿಳಿಯರು ನಕ್ಕರು. ಆದರೆ 1900ರಲ್ಲಿ ಪರದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಬಟ್ಟೆ ಯಾರನ್ನೂ ಉಳಿಸಲಿಲ್ಲ. ಉತ್ತರ ಚೀನಾದಲ್ಲಿ ಬರ ಬಿದ್ದಿತ್ತು. ಪರದೇಶಿ ಬೋಧೆಯಿಂದಲೇ ಮಳೆ ನಿಂತಿತು ಅಂತ ಗೋಡೆ ಬರಹ ಹಚ್ಚಿದರು. ಮಿಷನರಿಗಳು, ಅವರ ಮಕ್ಕಳು ಸೇರಿ ಇನ್ನೂರರ ಸುಮಾರು ಜನ ಸತ್ತರು. ಚೀನೀ ಕ್ರೈಸ್ತರು ಅದಕ್ಕಿಂತ ಎಷ್ಟೋ ಪಟ್ಟು, ಮೂವತ್ತು ಸಾವಿರದವರೆಗೆ ಅಂದಾಜು ಇದೆ. ದಂಗೆ ಅಡಗಿಸಲು ಬಂದ ಎಂಟು ದೇಶಗಳ ಸೈನ್ಯದಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಸೋತ ಚೀನಾ ಭಾರಿ ದಂಡ ಕಟ್ಟಬೇಕಾಯಿತು. ಟೇಲರ್ ಅವರ ಮಿಷನ್ ಎಪ್ಪತ್ತೊಂಬತ್ತು ಜನರನ್ನು ಕಳೆದುಕೊಂಡಿದ್ದರೂ ಪರಿಹಾರದ ದುಡ್ಡು ಮುಟ್ಟಲಿಲ್ಲ.

ಮೂರು 'ಸ್ವಂತ'

ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಎಂಬ ಇಬ್ಬರು ಮಿಷನ್ ಕಾರ್ಯದರ್ಶಿಗಳು ಒಂದು ಮಾತು ಹೇಳಿದ್ದರು. ಮಿಷನರಿಯ ಕೆಲಸ ತಾನು ಬೇಡವಾಗುವಂತೆ ಮಾಡುವುದು. ಚರ್ಚಿಗೆ ಸ್ವಂತ ಆಡಳಿತ, ಸ್ವಂತ ದುಡ್ಡು, ಸ್ವಂತ ಪ್ರಚಾರ ಇರಬೇಕು. ಮಾತು ಚೆನ್ನಾಗಿತ್ತು, ನಡೆದದ್ದು ಕಡಿಮೆ. ಕೈಯಲ್ಲಿ ದುಡ್ಡಿನ ಚೀಲ ಇರುವವರು ಕುರ್ಚಿ ಬಿಡುವುದು ಕಷ್ಟ.

1920ರ ದಶಕದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದು 'ಒಬ್ಬ ಕ್ರೈಸ್ತ ಹೆಚ್ಚಾದರೆ ಒಬ್ಬ ಚೀನೀಯ ಕಡಿಮೆ' ಅಂತ ಕೂಗುತ್ತಿದ್ದರು. ಆ ಹೊತ್ತಿಗೆ ಕೆಲವು ಚೀನೀ ಕ್ರೈಸ್ತರು ತಮ್ಮ ದಾರಿ ಹಿಡಿದಾಗಿತ್ತು. 1917ರಲ್ಲಿ ಬೀಜಿಂಗ್‌ನಲ್ಲಿ ಟ್ರೂ ಜೀಸಸ್ ಚರ್ಚ್ ಹುಟ್ಟಿತು. ಶಾಂಡಾಂಗ್‌ನ ಹಳ್ಳಿಯೊಂದರಲ್ಲಿ ಜೀಸಸ್ ಫ್ಯಾಮಿಲಿ ಎಂಬ ಗುಂಪು ಆಸ್ತಿಯನ್ನೆಲ್ಲ ಒಟ್ಟು ಮಾಡಿ ಒಂದೇ ಕುಟುಂಬದಂತೆ ಬದುಕಿತು. ವಾಚ್‌ಮನ್ ನೀ, ವಾಂಗ್ ಮಿಂಗ್‌ದಾವ್ ಥರದ ಬೋಧಕರು ವಿದೇಶಿ ಸಂಬಳ ಇಲ್ಲದೆ ದೊಡ್ಡ ಸಭೆ ಕಟ್ಟಿದರು. ಪಾದ್ರಿ ಪಟ್ಟ, ಗೋಪುರ, ಆರ್ಗನ್ ಇದ್ಯಾವುದೂ ಬೇಕಿರಲಿಲ್ಲ. ಒಂದು ಕೋಣೆ, ಒಂದು ಬೈಬಲ್ ಸಾಕಿತ್ತು.

1950ರ ನಂತರ ಕಮ್ಯುನಿಸ್ಟ್ ಸರ್ಕಾರ ಮಿಷನರಿಗಳದ್ದೇ ಆ ಹಳೆಯ ಸೂತ್ರವನ್ನು ಎತ್ತಿಕೊಂಡಿತು. ವೂ ಯಾವ್‌ಜೊಂಗ್ ಎಂಬ ಕ್ರೈಸ್ತ ನಾಯಕರ ಮುಂದಾಳತ್ವದಲ್ಲಿ 1954ರಲ್ಲಿ 'ಮೂರು ಸ್ವಂತ ದೇಶಭಕ್ತಿ ಚಳವಳಿ' ರೂಪ ಪಡೆಯಿತು. ವಿದೇಶದ ನಂಟು ಕಡಿದುಕೊಳ್ಳಿ, ಸರ್ಕಾರದ ಕಣ್ಣಳತೆಯಲ್ಲಿ ಇರಿ. ಕ್ಯಾಥೊಲಿಕರಿಗೆ 1957ರಲ್ಲಿ ಇಂಥದ್ದೇ ದೇಶಭಕ್ತ ಸಂಘ. ಅವರಿಗೆ ಇದು ಇನ್ನೂ ಬಿಗಿ, ಯಾಕಂದರೆ ಪೋಪ್ ಇಲ್ಲದೆ ಕ್ಯಾಥೊಲಿಕ್ ಆಗುವುದು ಹೇಗೆ? ಸೇರಲು ಒಪ್ಪದ ವಾಂಗ್ ಮಿಂಗ್‌ದಾವ್ 1955ರಲ್ಲಿ ಜೈಲು ಸೇರಿದರು, ನಡುವೆ ಸ್ವಲ್ಪ ಕಾಲ ಬಿಟ್ಟರೆ ಎರಡು ದಶಕ ಅಲ್ಲೇ ಕಳೆದರು. ವಾಚ್‌ಮನ್ ನೀ 1972ರಲ್ಲಿ ಕಾರ್ಮಿಕ ಶಿಬಿರದಲ್ಲಿ ತೀರಿಕೊಂಡರು. 1966ರಲ್ಲಿ ಮಾವೊ ಅವರ ಸಾಂಸ್ಕೃತಿಕ ಕ್ರಾಂತಿ ಬಂದಾಗ ಸರ್ಕಾರದ ಮಾತು ಕೇಳಿದ ಚರ್ಚುಗಳಿಗೂ ಬೀಗ. ಕೊನೆಕೊನೆಗೆ ಬೀಜಿಂಗ್‌ನಲ್ಲಿ ವಿದೇಶಿ ರಾಯಭಾರಿಗಳಿಗೆಂದು ತೆರೆದದ್ದು ಬಿಟ್ಟರೆ ದೇಶದಲ್ಲಿ ಬಾಗಿಲು ತೆರೆದ ಚರ್ಚಿರಲಿಲ್ಲ.

ಒಗಟಿನ ಗಂಟು ಇರುವುದು ಇಲ್ಲೇ. ಕಟ್ಟಡ ಹೋಯಿತು, ಪಾದ್ರಿ ಹೋದರು, ಪುಸ್ತಕ ಸುಟ್ಟರು. ಉಳಿದದ್ದು ಮನೆ. ನಾಲ್ಕಾರು ಜನ ರಾತ್ರಿ ಕದ ಹಾಕಿಕೊಂಡು ಕೂರುವುದು, ಮೆಲ್ಲಗೆ ಹಾಡುವುದು. ಬೈಬಲ್ ಇದ್ದವರಿಂದ ಕಡ ತಂದು, ನೋಟುಪುಸ್ತಕದಲ್ಲಿ ಕೈಯಲ್ಲೇ ನಕಲು ಮಾಡಿ, ಬೆಳಗಾಗುವುದರೊಳಗೆ ವಾಪಸ್ ಕೊಡುವುದು. ನಡೆಸುವವರು ಬಹಳ ಕಡೆ ಹೆಂಗಸರು. ಯಾರಿಗೂ ಪಟ್ಟ ಇಲ್ಲ, ಸಂಬಳ ಇಲ್ಲ. ಕಾರ್ಯದರ್ಶಿಗಳು ಬಯಸಿದ ಮೂರೂ 'ಸ್ವಂತ' ಒತ್ತಾಯದಿಂದ ಬಂದುಬಿಟ್ಟಿತು. ಪರದೇಶಿ ಬೋಧೆ ಅಂತ ಬೆರಳು ತೋರಿಸಲು ಒಬ್ಬ ಪರದೇಶಿಯೂ ಉಳಿದಿರಲಿಲ್ಲ. ಜೊತೆಗೆ, ಹೊಡೆತ ತಿಂದವರಲ್ಲಿ ಇವರೂ ಇದ್ದರು. ಫಿರಂಗಿ ಬೆನ್ನಿಗಿದ್ದ ಧರ್ಮ ಈಗ ಬೆನ್ನಿಗೆ ಪೆಟ್ಟು ತಿಂದ ಧರ್ಮವಾಗಿತ್ತು.

1979ರ ಏಪ್ರಿಲ್‌ನಲ್ಲಿ ನಿಂಗ್‌ಬೊ ನಗರದ ಒಂದು ಚರ್ಚು ಮತ್ತೆ ಬಾಗಿಲು ತೆರೆಯಿತು. ಆಮೇಲೆ ಒಂದೊಂದಾಗಿ ತೆರೆದವು. ಆಗಲೇ ಹೊರಗಿನವರಿಗೆ ಗೊತ್ತಾದದ್ದು, ಒಳಗೆ ಜನ ಕಡಿಮೆಯಾಗಿಲ್ಲ, ಹೆಚ್ಚಾಗಿದ್ದಾರೆ ಅಂತ.

ಜ್ವರ, ಹಾಡು, ಬಟನ್ನು

ಎಂಬತ್ತರ ದಶಕದಲ್ಲಿ ಹೆನಾನ್, ಅನ್‌ಹುಯ್ ಪ್ರಾಂತ್ಯಗಳ ಹಳ್ಳಿಗಳಲ್ಲಿ ಬೆಂಕಿ ಹತ್ತಿದ ಹಾಗೆ ಬೆಳೆಯಿತು. ಕಾರಣ ಒಂದೇ ಅಲ್ಲ. ಕಮ್ಯೂನ್‌ಗಳನ್ನು, ಅಂದರೆ ಹಳ್ಳಿಯವರು ಒಟ್ಟಾಗಿ ದುಡಿಯುತ್ತಿದ್ದ ಸಾಮೂಹಿಕ ಬೇಸಾಯದ ಘಟಕಗಳನ್ನು, ಒಡೆದಾಗ ಅವುಗಳ ಜೊತೆಗಿದ್ದ ಹಳ್ಳಿ ವೈದ್ಯ ವ್ಯವಸ್ಥೆಯೂ ಕುಸಿಯಿತು. ಕಾಯಿಲೆ ಬಿದ್ದರೆ ಪಟ್ಟಣದ ಆಸ್ಪತ್ರೆ, ಕೈಯಲ್ಲಿ ದುಡ್ಡಿಲ್ಲ. ಪಕ್ಕದ ಮನೆಯಾಕೆ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾಳೆ. ವಾಸಿಯಾದರೆ ಇಡೀ ಮನೆ ಸೇರುತ್ತದೆ. ವಾಸಿಯಾಗದಿದ್ದರೂ ರಾತ್ರಿಯೆಲ್ಲ ಜೊತೆಗೆ ಕೂತವರು ಯಾರು ಅಂತ ನೆನಪಿರುತ್ತದೆ. ಪಾರ್ಟಿಯ ಮೇಲಿದ್ದ ನಂಬಿಕೆ ಹೋಗಿತ್ತು, ಗುಡಿಗಳನ್ನು ಒಡೆದಾಗಿತ್ತು. ಆ ಖಾಲಿ ಜಾಗಕ್ಕೆ ಇದು ಬಂದು ಕೂತಿತು.

ಹಳ್ಳಿ ಚರ್ಚಿಗೆ 'ಮೂರು ಜಾಸ್ತಿ' ಅಂತ ಚೀನಾದಲ್ಲೇ ಒಂದು ಮಾತಿದೆ. ಮುದುಕರು ಜಾಸ್ತಿ, ಹೆಂಗಸರು ಜಾಸ್ತಿ, ಓದು ಬಾರದವರು ಜಾಸ್ತಿ. ಓದು ಬಾರದ ಕಡೆ ಹಾಡೇ ಪುಸ್ತಕ. ಹೆನಾನ್‌ನ ಲ್ಯೂ ಶ್ಯಾವ್‌ಮಿನ್ ಎಂಬ ರೈತ ಹೆಣ್ಣುಮಗಳು ಸಂಗೀತ ಕಲಿಯದೆ ಸಾವಿರಕ್ಕೂ ಜಾಸ್ತಿ ಹಾಡು ಕಟ್ಟಿದ್ದಾಳೆ. ಧಾಟಿ ಅಲ್ಲಿನ ಜಾನಪದದ್ದು. ಅನುವಾದದ ಇಂಗ್ಲಿಷ್ ಹಾಡು ನಾಲಿಗೆಗೆ ಹತ್ತದ ಕಡೆ ಇವು ಹತ್ತಿದವು.

ವೆನ್‌ಜೌ ಕಥೆ ಬೇರೆ. ಬಟನ್, ಶೂ, ಲೈಟರ್ ಮಾಡಿ ಜಗತ್ತಿಗೆ ಮಾರುವ ಊರು. 'ಚೀನಾದ ಜೆರುಸಲೇಮ್' ಅಂತ ಅಡ್ಡಹೆಸರು. ಫ್ಯಾಕ್ಟರಿ ಮಾಲೀಕರೇ ಸಭೆಯ ಹಿರಿಯರು. ವ್ಯಾಪಾರಕ್ಕೆ ಯಾವ ಊರಿಗೆ ಹೋದರೂ ಅಂಗಡಿ ಜೊತೆ ಪ್ರಾರ್ಥನೆ ಕೂಟ ಶುರು ಮಾಡಿದರು. ನಮ್ಮ ಕರಾವಳಿಯವರು ಎಲ್ಲಿ ಹೋದರೂ ಹೋಟೆಲ್ ಹಾಕುತ್ತಾರಲ್ಲ, ಹಾಗೆ. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್‌ನಲ್ಲಿ ವಿದ್ಯಾರ್ಥಿ ಚಳವಳಿಯನ್ನು ಸೈನ್ಯ ತುಳಿದ ನಂತರ ನಗರಗಳಲ್ಲಿ ವಿದ್ಯಾರ್ಥಿಗಳು, ಮೇಷ್ಟ್ರುಗಳು, ವಕೀಲರು ಬಂದರು. ಆಫೀಸ್ ಕಟ್ಟಡದ ಒಂದು ಮಹಡಿ ಬಾಡಿಗೆಗೆ ಹಿಡಿದು ಭಾನುವಾರ ಸೇರುವ ಚರ್ಚುಗಳು ಹುಟ್ಟಿದವು.

ಇಲ್ಲೊಂದು ವಿಚಿತ್ರವೂ ಇದೆ. ಸರ್ಕಾರದ ಒಪ್ಪಿಗೆಯಿಂದಲೇ ನಾನ್‌ಜಿಂಗ್‌ನಲ್ಲಿ 1987ರಿಂದ ಅಮಿಟಿ ಎಂಬ ಮುದ್ರಣಾಲಯ ಬೈಬಲ್ ಅಚ್ಚು ಹಾಕುತ್ತಿದೆ. 2012ಕ್ಕೆ 10 ಕೋಟಿ ಪ್ರತಿ, 2019ಕ್ಕೆ 20 ಕೋಟಿ. ಅರ್ಧಕ್ಕಿಂತ ಜಾಸ್ತಿ ಬೇರೆ ದೇಶಗಳಿಗೆ ರಫ್ತು. ನಾಸ್ತಿಕ ಪಾರ್ಟಿ ಆಳುವ ದೇಶ ಜಗತ್ತಿನ ಅತಿ ದೊಡ್ಡ ಬೈಬಲ್ ತಯಾರಕ.

ಲೆಕ್ಕ ಯಾಕೆ ಕೂಡುವುದಿಲ್ಲ

ಚೀನಾದಲ್ಲಿ ಕ್ರೈಸ್ತರು ಎಷ್ಟು ಅಂತ ಹುಡುಕಿದರೆ ಎರಡು ಕೋಟಿಯಿಂದ ಹದಿಮೂರು ಕೋಟಿವರೆಗೆ ಏನು ಬೇಕಾದರೂ ಸಿಗುತ್ತದೆ. ಅಮೆರಿಕದ ಪ್ಯೂ ಎಂಬ ಸಂಶೋಧನಾ ಸಂಸ್ಥೆ 2010ಕ್ಕೆ ಕೊಟ್ಟ ಅಂದಾಜು ಪ್ರಾಟೆಸ್ಟೆಂಟರು 5.8 ಕೋಟಿ, ಕ್ಯಾಥೊಲಿಕರು 90 ಲಕ್ಷ. ನೋಂದಣಿ ಇಲ್ಲದ ಮನೆ ಚರ್ಚುಗಳನ್ನೂ ಸೇರಿಸಿದ ಲೆಕ್ಕ ಅದು. ಆದರೆ 2018ರ ಒಂದು ದೊಡ್ಡ ಸಮೀಕ್ಷೆಯಲ್ಲಿ 'ನಾನು ಕ್ರೈಸ್ತ' ಅಂದವರು ವಯಸ್ಕರಲ್ಲಿ ಬರೀ 2 ಶೇಕಡಾ, ಸುಮಾರು 2 ಕೋಟಿ. ಸಮೀಕ್ಷೆಗೆ ಬಂದ ಅಪರಿಚಿತನ ಮುಂದೆ ಎಲ್ಲರೂ ಬಾಯಿ ಬಿಡುವುದಿಲ್ಲ. ಅದು ನಿಜ. ಯೇಸುವಿಗೂ ಕೈಮುಗಿದು ಬುದ್ಧನಿಗೂ ಕೈಮುಗಿಯುವವರನ್ನು ಎಲ್ಲಿ ಸೇರಿಸುವುದು ಅನ್ನುವುದೂ ಇದೆ. ಹತ್ತು ಕೋಟಿ ದಾಟಿದ ಲೆಕ್ಕಗಳನ್ನು ಮಾತ್ರ ನಾನು ಉಪ್ಪಿನಕಾಯಿಯಷ್ಟೇ ಬಳಸುತ್ತೇನೆ. ಹುರುಪಿನಲ್ಲಿ ಹುಟ್ಟಿದ ಸಂಖ್ಯೆಗಳು ಅವು. 2010ರ ಈಚೆಗೆ ಬೆಳವಣಿಗೆ ನಿಂತ ಹಾಗಿದೆ ಅಂತ 2023ರಲ್ಲಿ ಪ್ಯೂ ಸಂಸ್ಥೆಯೇ ಹೇಳಿತು. ಹಳ್ಳಿ ಖಾಲಿಯಾಗುತ್ತಿದೆ, ಆ 'ಮೂರು ಜಾಸ್ತಿ'ಯ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಜೊತೆಗೆ ಸರ್ಕಾರದ ಹಿಡಿತ ಬಿಗಿಯಾಗಿದೆ. 2014ರಲ್ಲಿ ವೆನ್‌ಜೌನ ಭಾರಿ ಸಾನ್‌ಜ್ಯಾಂಗ್ ಚರ್ಚನ್ನು ಕೆಡವಿದರು. ಅದು ಸರ್ಕಾರದ ಪಟ್ಟಿಯಲ್ಲಿದ್ದ ಚರ್ಚೇ. ಮುಂದಿನ ಎರಡು ವರ್ಷ ಜೆಜ್ಯಾಂಗ್ ಪ್ರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಶಿಲುಬೆಗಳು ಚಾವಣಿಯಿಂದ ಇಳಿದವು. 2018ರ ಫೆಬ್ರವರಿಯಲ್ಲಿ ಧರ್ಮಗಳ ಮೇಲೆ ಹೊಸ ನಿಯಮ ಜಾರಿಯಾಯಿತು, ಏಪ್ರಿಲ್ ಹೊತ್ತಿಗೆ ಆನ್‌ಲೈನ್ ಅಂಗಡಿಗಳಿಂದ ಬೈಬಲ್ ಮಾಯ. ಡಿಸೆಂಬರ್‌ನಲ್ಲಿ ಚೆಂಗ್‌ಡುವಿನ ಒಂದು ಮನೆ ಚರ್ಚಿನ ಮೇಲೆ ದಾಳಿ. ಅದರ ಬೋಧಕ ವಾಂಗ್ ಯಿ ಅವರಿಗೆ ಮರುವರ್ಷ ಒಂಬತ್ತು ವರ್ಷ ಜೈಲು. ಅದೇ 2018ರ ಸೆಪ್ಟೆಂಬರ್‌ನಲ್ಲಿ ಬಿಷಪ್‌ಗಳನ್ನು ಯಾರು ನೇಮಿಸಬೇಕು ಅನ್ನುವ ಬಗ್ಗೆ ವ್ಯಾಟಿಕನ್ ಮತ್ತು ಬೀಜಿಂಗ್ ಒಪ್ಪಂದ ಮಾಡಿಕೊಂಡವು. ಕಾಂಗ್‌ಶಿ ಕೇಳಿದ ಅದೇ ಪ್ರಶ್ನೆಗೆ ಮುನ್ನೂರು ವರ್ಷದ ಮೇಲೆ ಒಂದು ಅರ್ಧ ಉತ್ತರ. ಅದರ ಪೂರ್ತಿ ಪಠ್ಯ ಮಾತ್ರ ಹೊರಗೆ ಬಂದಿಲ್ಲ.

ಸರ್ಕಾರ ಈಗ ಕೇಳುತ್ತಿರುವುದು 'ಚೀನೀಕರಣ'. ಧರ್ಮ ಚೀನೀ ಆಗಬೇಕು ಅಂತ. ಹೆನಾನ್‌ನ ಹಳ್ಳಿ ಧಾಟಿಯಲ್ಲಿ ಹಾಡುವ ಅಜ್ಜಿಗೆ ಇದನ್ನು ಹೇಳಿದರೆ ಏನನ್ನಬಹುದು? ಅವಳ ಚರ್ಚಿನಲ್ಲಿ ಪರದೇಶದ್ದು ಏನೂ ಇಲ್ಲ. ಸರ್ಕಾರದ ಬಾಯಲ್ಲಿ ಆ ಪದಕ್ಕೆ ಪಾರ್ಟಿಗೆ ವಿಧೇಯ ಅನ್ನುವ ಅರ್ಥವೇ ಜಾಸ್ತಿ.

ಇಷ್ಟರ ನಡುವೆ ದಾರಿ ತಿರುಗಿದೆ. 1940ರ ದಶಕದಲ್ಲೇ ಶಿಯಾನ್ ಸುತ್ತಮುತ್ತಲಿನ ಕೆಲವು ಚೀನೀ ಕ್ರೈಸ್ತರಿಗೆ ಒಂದು ಹಂಬಲ ಹುಟ್ಟಿತ್ತು. ರೇಷ್ಮೆ ದಾರಿ ಹಿಡಿದು ಪಶ್ಚಿಮಕ್ಕೆ, ಜೆರುಸಲೇಮಿನವರೆಗೆ ಬೋಧಿಸುತ್ತ ಹೋಗಬೇಕು. ಅಲೋಪೆನ್ ಬಂದ ದಾರಿಯಲ್ಲೇ ಹಿಂದಕ್ಕೆ. ಹಳೆಯ ಆ ಹಂಬಲವನ್ನು ಮನೆ ಚರ್ಚುಗಳು ಮತ್ತೆ ಎತ್ತಿಕೊಂಡಿವೆ. 2017ರ ಮೇ ತಿಂಗಳಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಇಬ್ಬರು ಚೀನೀ ಯುವಜನರನ್ನು ಅಪಹರಿಸಿದರು, ಆಮೇಲೆ ಕೊಂದರು. ಅವರು ಗುಟ್ಟಾಗಿ ಧರ್ಮ ಬೋಧಿಸುತ್ತಿದ್ದರು ಅಂತ ಪಾಕಿಸ್ತಾನ ಸರ್ಕಾರ ಹೇಳಿತು. ಬಂದದ್ದು ಬಿಸಿನೆಸ್ ವೀಸಾದಲ್ಲಿ, ಕಲಿಯುತ್ತಿದ್ದದ್ದು ಉರ್ದು. ಮಾರಿಸನ್ ಕೂಡ ಗ್ವಾಂಗ್‌ಜೌನಲ್ಲಿ ಉಳಿದದ್ದು ಕಂಪನಿ ಕೆಲಸದ ಹೆಸರಿನಲ್ಲೇ.